ನೀವು ಕೇಳಿದಿರಿ: ರಾವುತನ ಭಾರ, ಕುದುರೆಯ ಬೆನ್ನು

ಪ್ರಶ್ನೆ: ಹೈದರಾಲಿ ಚಿತ್ರದುರ್ಗ ಗೆದ್ದ 1779ರ ಕಾಳಗವನ್ನು ಕುದುರೆ ಮೇಲೆ ಆಡಿ ತೋರಿಸಲು ಎಂಟು ಮಂದಿ ಗೆಳೆಯರು ಸೇರಿದ್ದೇವೆ. ನನ್ನ ತೂಕ 74 ಕೆ.ಜಿ. ಕಬ್ಬಿಣದ ಬಳೆಗಳನ್ನು ಹೆಣೆದ 11 ಕೆ.ಜಿ. ಕವಚ ಮಾಡಿಸಿದ್ದೇನೆ. ಮದುವೆ ಮೆರವಣಿಗೆಯ ಕುದುರೆ ಬಾಡಿಗೆಗೆ ಸಿಗುತ್ತದೆ. ಆದೀತೇ? (ದಾವಣಗೆರೆಯ ಓದುಗರು)

ಉತ್ತರ: ಮೊದಲು ಕುದುರೆಯ ತೂಕ ತಿಳಿಯಿರಿ. ಟೇಪನ್ನು ಮುಂಗಾಲಿನ ಹಿಂದೆ ಎದೆಯ ಸುತ್ತ ಹಾಯಿಸಿ, ಅದು ಉಸಿರು ಬಿಟ್ಟಾಗ ಸುತ್ತಳತೆ ತೆಗೆದುಕೊಳ್ಳಿ. ಆಮೇಲೆ ಭುಜದ ಮೂಳೆಯ ತುದಿಯಿಂದ ಪೃಷ್ಠದ ತುದಿಯವರೆಗೆ ಉದ್ದ ಅಳೆಯಿರಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ಅಂದಾಜು ಕೆ.ಜಿ. ಸಿಗುತ್ತದೆ. ಸುತ್ತಳತೆ 160 ಸೆಂ.ಮೀ., ಉದ್ದ 145 ಸೆಂ.ಮೀ. ಇದ್ದರೆ 312 ಕೆ.ಜಿ. ಸವಾರ, ಜೀನು, ವೇಷ, ಆಯುಧ ಎಲ್ಲ ಸೇರಿ ಅದರ ಐದನೇ ಒಂದು ಭಾಗ, ಅಂದರೆ 62 ಕೆ.ಜಿ. ದಾಟಬಾರದು. ಜೀನು 8 ಕೆ.ಜಿ. ಎಂದರೂ ನಿಮ್ಮ ಲೆಕ್ಕ 93ಕ್ಕೆ ಹೋಗುತ್ತದೆ. ಬೆನ್ನು ನೊಂದ ಕುದುರೆ ಜೀನಿನ ಪಟ್ಟಿ ಬಿಗಿಯುವಾಗಲೇ ಕಿವಿ ಹಿಂದಕ್ಕೆ ಒತ್ತಿ, ಬಾಲ ಬೀಸುತ್ತದೆ. ಅದನ್ನು ಮೊಂಡುತನ ಎಂದುಕೊಂಡು ಚಾಟಿ ಎತ್ತುವವರೇ ಹೆಚ್ಚು.

ನಿಮ್ಮಲ್ಲಿ 50 ಕೆ.ಜಿ. ಆಸುಪಾಸಿನವರು ಸವಾರಿ ಮಾಡಲಿ, ನೀವು ಕಾಲಾಳಾಗಿ. ದುರ್ಗದ ಮಟ್ಟಿಗೆ ಅದೇನೂ ಕಡಿಮೆ ಪಾತ್ರವಲ್ಲ. ಬೇಡರ ಕಾಲಾಳು ಪಡೆಯೇ ದುರ್ಗವನ್ನಾಳಿದ ನಾಯಕರ ದೊಡ್ಡ ಬಲ. ಕೋಟೆಯ ಬಾಗಿಲುಗಳ ದಾರಿ ತಿರುವು ತಿರುವಾಗಿರುವುದೇ ಆನೆ, ಕುದುರೆಗಳಿಗೆ ಓಡಿ ಬರಲು ಜಾಗ ಸಿಗದಿರಲಿ ಎಂದು. ಹಾಗಾಗಿ ರಾವುತರ ದೃಶ್ಯ ಕೆಳಗಿನ ಬಯಲಿಗೇ ಸರಿ. ಸವಾರರಿಗೆ ಕವಚದ ಬದಲು ಹತ್ತಿ ತುಂಬಿ ಹೊಲಿದ ಅಂಗಿ ಹಾಕಿ. ಆ ಕಾಲದ ದಖನ್ನಿನ ರಾವುತರೂ ಅಂಥದ್ದನ್ನು ತೊಡುತ್ತಿದ್ದರು.

ಮೆರವಣಿಗೆ ಕುದುರೆಗೆ ಬ್ಯಾಂಡು, ಪಟಾಕಿ ರೂಢಿ ಇರುತ್ತದೆ, ಆದರೆ ನಡೆದದ್ದೆಲ್ಲ ಒಬ್ಬರು ಲಗಾಮು ಹಿಡಿದಾಗಲೇ. ಸವಾರನ ಕಾಲಿನ ಸೂಚನೆ ಅದಕ್ಕೆ ಗೊತ್ತಿರುವುದಿಲ್ಲ. ಮಾಲೀಕರು ಹತ್ತಿ, ಎಡಕ್ಕೂ ಬಲಕ್ಕೂ ತಿರುಗಿಸಿ, ಟ್ರಾಟ್ (ನಡಿಗೆಗಿಂತ ವೇಗದ ಕುಲುಕು ಓಟ) ಮಾಡಿಸಿ ನಿಲ್ಲಿಸಿ ತೋರಿಸಲಿ. ಆಮೇಲೆ ಮುಂಗಡ ಕೊಡಿ.

ಪ್ರಶ್ನೆ: ನಗಾರಿಗೆ ಹೆದರದ ಕುದುರೆ, ಈಟಿಯನ್ನು ಬಲಗಡೆಯಿಂದ ಎಡಕ್ಕೆ ತಂದ ಕೂಡಲೇ ಪಕ್ಕಕ್ಕೆ ಹಾರುತ್ತದೆ. ಏಕೆ? (ಚಿತ್ರದುರ್ಗದ ಓದುಗರು)

ಉತ್ತರ: ಕುದುರೆಗೆ ಸುತ್ತಲೂ ಹೆಚ್ಚುಕಡಿಮೆ 350 ಡಿಗ್ರಿ ಕಾಣುತ್ತದೆ. ಕಾಣದಿರುವುದು ಹಣೆಯ ನೇರ ಮುಂದೆ ಮತ್ತು ಬಾಲದ ಹಿಂದೆ. ಬಲಗಣ್ಣಿಗೆ ಪರಿಚಯವಾದ ಈಟಿ ತಲೆ ದಾಟಿ ಎಡಗಣ್ಣಿಗೆ ಬಿದ್ದಾಗ ಅದಕ್ಕೆ ಹೊಸ ವಸ್ತುವಿನಂತೆ ಕಾಣಬಹುದು. ಆದ್ದರಿಂದ ಪ್ರತಿ ಪಾಠವನ್ನೂ ಎರಡೂ ಕಡೆ ಬೇರೆ ಬೇರೆಯಾಗಿ ಕಲಿಸಬೇಕು.

ಮೊದಲ ದಿನ ಹತ್ತಬೇಡಿ. ಈಟಿಯ ಕೋಲನ್ನು ನೆಲದ ಮೇಲಿಟ್ಟು ಮೂಸಲು ಬಿಡಿ. ನಂತರ ಅದರ ಬುಡದಿಂದ ಕತ್ತು, ಭುಜ, ಬೆನ್ನು ಸವರಿ. ಕುದುರೆ ಕಿವಿ ನೆಟ್ಟು, ಮೂಗಿನ ಹೊಳ್ಳೆ ಅರಳಿಸಿ, ಕತ್ತು ಎತ್ತಿದರೆ ಕೋಲನ್ನು ಅಲ್ಲೇ ನಿಲ್ಲಿಸಿ, ತೆಗೆಯಬೇಡಿ. ತಲೆ ತಗ್ಗಿಸಿ ಬಾಯಿ ಚಪ್ಪರಿಸಿದ ಕ್ಷಣವೇ ತೆಗೆಯಿರಿ. ಬೆಚ್ಚಿದಾಗ ತೆಗೆದರೆ, ಬೆಚ್ಚಿದರೆ ಕೋಲು ಹೋಗುತ್ತದೆ ಎಂದೇ ಅದು ಕಲಿಯುವುದು. ಆಮೇಲೆ ಹತ್ತಿ ನಿಂತಲ್ಲೇ, ನಡಿಗೆಯಲ್ಲಿ, ಕೊನೆಗೆ ಟ್ರಾಟ್‌ನಲ್ಲಿ ಇದೇ ಅಭ್ಯಾಸ. ದಿನಕ್ಕೆ ಎರಡು ಬಾರಿ, 15 ನಿಮಿಷದಂತೆ. ಎರಡು ಮೂರು ವಾರ ಹಿಡಿಯುತ್ತದೆ, ಅವಸರ ಬೇಡ.

ಈಟಿಗೆ ಟೊಳ್ಳಿಲ್ಲದ ಗಂಡು ಬಿದಿರು, 7 ಅಡಿ. ಕಬ್ಬಿಣದ ಮೊನೆ ಬೇಡ, ಬಟ್ಟೆಯ ಉಂಡೆ ಕಟ್ಟಿ. ಸೀಳು ಬಿಟ್ಟಿದೆಯೇ ಎಂದು ಪ್ರತಿ ಸಲ ಕೈಯಾಡಿಸಿ ನೋಡಿ. ದಾರ ಕಟ್ಟಿ ಮಣಿಕಟ್ಟಿಗೆ ಸಿಕ್ಕಿಸಿಕೊಳ್ಳಲೇಬೇಡಿ: ತುದಿ ನೆಲಕ್ಕೆ ನೆಟ್ಟರೆ ಭುಜದ ಕೀಲು ತಪ್ಪುತ್ತದೆ. ಪತಾಕೆ ಒಂದು ಅಡಿಗಿಂತ ದೊಡ್ಡದಿರಬಾರದು. ಗುಡ್ಡದ ಮೇಲೆ ಗಾಳಿಯಂತ್ರ ತಿರುಗುವ ಊರು ನಿಮ್ಮದು, ದೊಡ್ಡ ಬಟ್ಟೆ ಪಟಪಟ ಹೊಡೆದುಕೊಂಡರೆ ಪಳಗಿದ ಕುದುರೆಯೂ ಕಂಗೆಡುತ್ತದೆ.

ಪ್ರಶ್ನೆ: ವೇಷ, ಕತ್ತಿ, ಅನುಮತಿಗಳ ಬಗ್ಗೆ ಹೇಳಿ. (ದಾವಣಗೆರೆಯ ಓದುಗರು)

ಉತ್ತರ: ಸವಾರಿಯ ಹೆಲ್ಮೆಟ್ ಮೇಲೆಯೇ ರುಮಾಲು ಸುತ್ತಿ, ಯಾರಿಗೂ ತಿಳಿಯದು. ಹಿಮ್ಮಡಿಯಿಲ್ಲದ ಜೋಡು ರಿಕಾಪಿನೊಳಗೆ (ಜೀನಿನಿಂದ ತೂಗುವ, ಕಾಲಿಡುವ ಬಳೆ) ಪೂರ್ತಿ ಜಾರಿಬಿಡುತ್ತದೆ, ಬಿದ್ದರೆ ಕುದುರೆ ಎಳೆದೊಯ್ಯುತ್ತದೆ. ಅರ್ಧ ಇಂಚು ಹಿಮ್ಮಡಿ ಇರಲಿ, ರಿಕಾಪು ಪಾದಕ್ಕಿಂತ ಒಂದು ಇಂಚು ಅಗಲವಿರಲಿ. ಕತ್ತಿಯನ್ನು ಮರ ಅಥವಾ ಅಲ್ಯೂಮಿನಿಯಂನಲ್ಲಿ ಮಾಡಿಸಿ. 9 ಇಂಚು ಮೀರಿದ ಹರಿತ ಅಲಗು ಆಯುಧ ನಿಯಮಗಳ ವ್ಯಾಪ್ತಿಗೆ ಬರುತ್ತದೆ, ಠಾಣೆಗೆ ಮೊದಲೇ ಪತ್ರ ಕೊಡಿ. ಕೋಟೆ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ರಕ್ಷಣೆಯಲ್ಲಿದೆ, ಒಳಗೆ ಪ್ರದರ್ಶನವಾದರೆ ಅವರ ಅನುಮತಿಯೂ ಬೇಕು. ಸವಾರರೆಲ್ಲ ಧನುರ್ವಾಯು ಚುಚ್ಚುಮದ್ದು ಹಾಕಿಸಿಕೊಂಡಿರಲಿ.

ಇನ್ನೊಂದು ಮಾತು: ಕಬ್ಬಿಣದ ಲಾಳ ಬಂಡೆಯ ಮೇಲೆ ಜಾರುತ್ತದೆ. ಓಡಿಸುವ ಜಾಗವನ್ನು ಹಿಂದಿನ ದಿನ ಕಾಲ್ನಡಿಗೆಯಲ್ಲಿ ನೋಡಿ, ಕಲ್ಲು ಹಾಸು ಬಂದಲ್ಲಿ ಸುಣ್ಣದ ಗೆರೆ ಎಳೆಯಿರಿ. ಆ ಗೆರೆಯಾಚೆ ಎಲ್ಲ ಕುದುರೆಗಳೂ ನಡಿಗೆಯಲ್ಲೇ ಹೋಗಲಿ.