ಗದಗದ ಬಸ್ಸು, ಅಕ್ಕಲಕೋಟದ ಆಧಾರ್ ಕಾರ್ಡು

ಬೆಂಗಳೂರಾಗ ಕುಂತು ನೀ ಕೇಳಿದಿ: "ಮಹಾರಾಷ್ಟ್ರದವಳು ನೀನು, ಧಾರವಾಡಕ್ಕೆ ಯಾಕೆ ಹಂಗೆ ಓಡಿ ಓಡಿ ಹೋಗ್ತೀಯ? ಹಳೇ ಫ್ರೆಂಡ್ಸ್ ತಾನೆ, ವಿಡಿಯೋ ಕಾಲ್ ಮಾಡಿದ್ರೆ ಆಗಲ್ವಾ? ಅದಿರಲಿ, ನಿಮ್ಮ ಕಡೆಯವರಿಗೆ ಕನ್ನಡ ಇಷ್ಟು ಚೆನ್ನಾಗಿ ಹೇಗೆ ಬರುತ್ತೆ?"

ಕಡೀ ಪ್ರಶ್ನೆಕ್ಕ ಮೊದಲ ಹೇಳ್ತೇನಿ. ಅಕ್ಕಲಕೋಟ ತಾಲೂಕಿನ ನಮ್ಮ ಹಳ್ಳ್ಯಾಗ ಜೋಗುಳ, ಜಗಳ, ಸಂತಿ ವ್ಯಾಪಾರ ಎಲ್ಲಾ ಕನ್ನಡದಾಗನ ನಡೀತಾವು. ನಾ ಅಕ್ಷರಾ ಕಲತದ್ದು ಜಿಲ್ಲಾ ಪರಿಷತ್ತಿನ ಕನ್ನಡ ಶಾಲ್ಯಾಗ. 1967ರಾಗ ಗಡಿ ತಂಟೆ ಬಗೆಹರಿಸಾಕ ಕೇಂದ್ರ ಸರ್ಕಾರ ನೇಮಿಸಿದ್ದ ಮಹಾಜನ ಆಯೋಗದ ವರದಿ ನಮ್ಮ ತಾಲೂಕು ಕರ್ನಾಟಕಕ್ಕ ಸೇರಬೇಕಂತ ಹೇಳಿತ್ತು. ಅದು ಜಾರಿ ಆಗಲಿಲ್ಲ, ನಾವು ಇದ್ದಲ್ಲೇ ಉಳದ್ವಿ. ಮರಾಠಿನೂ ನಮಗ ಚಲೋ ಬರತೈತಿ, ಅದರ ಮ್ಯಾಲ ಸಿಟ್ಟೇನಿಲ್ಲ.

ಧಾರವಾಡ ನನಗ ಓದಿಸಿದ ಊರು. ಕರ್ನಾಟಕ ವಿಶ್ವವಿದ್ಯಾಲಯದಾಗ ಎಂ.ಎ. ಮಾಡಿದೆ, ಹುಬ್ಬಳ್ಳ್ಯಾಗ ನೌಕರಿ ಮಾಡಿದೆ, ಲಗ್ನಾ ಆದ ಮ್ಯಾಲ ತಿರುಗಿ ಅಕ್ಕಲಕೋಟಕ್ಕ ಬಂದೆ. ಧಾರವಾಡದಾಗ ಇದ್ದಷ್ಟು ದಿವಸ ನನ್ನ ಮಾತು ಕೇಳಿ ಯಾರೂ ಹುಬ್ಬು ಏರಿಸಲಿಲ್ಲ. ಅದಕ್ಕ ಕಾರಣಾ ಐತಿ. 1956ರ ತನಕ ಆ ಊರೂ ಮುಂಬೈ ಆಡಳಿತದಾಗನ ಇತ್ತು. ಮರಾಠಿ ಮುಂದ ಕನ್ನಡ ಸೊರಗತೈತಿ ಅಂತ 1890ರಾಗನ ಕರ್ನಾಟಕ ವಿದ್ಯಾವರ್ಧಕ ಸಂಘ ಕಟ್ಟಿದ ಮಂದಿ ಅವರು. ನಮ್ಮ ಸಂಕಟಾ ಅವರಿಗೆ ಬಿಡಿಸಿ ಹೇಳೂದು ಬೇಕಿಲ್ಲ. ಅವರ ಅಜ್ಜಾರು ಅದನ್ನ ಉಂಡಾರ.

ವಿಡಿಯೋ ಕಾಲ್ ಮಾಡ್ತೇವಿ, ಇಲ್ಲಂತಲ್ಲ. ಆದರ ಧಾರವಾಡದ ಸಾಧನಕೇರಿ ಗೆಳತಿಯ ಅವ್ವಗ ಕಿವಿ ಮಂದ ಆಗ್ಯಾವು, ಫೋನಿನಾಗ ನನ್ನ ಧ್ವನಿ ತಿಳ್ಯಂಗಿಲ್ಲ. ಎದುರಿಗೆ ಕುಂತ್ರ ನನ್ನ ಕೈ ತನ್ನ ತೊಡಿಮ್ಯಾಲ ಇಟ್ಟುಕೊಂಡು ಬಳಿ ಸರಿಸಿ ಸರಿಸಿ ನೋಡ್ತಾಳ. "ಹಸರ ಬಳಿ ಯಾಕ ಕಡಿಮ್ಯಾಗ್ಯಾವು? ನಾಳೆ ಇಡಿಸ್ತೇನಿ, ಹೋಗಬ್ಯಾಡ" ಅಂತಾಳ. ಹಾಸ್ಟೆಲಿನಾಗ ಜ್ವರಾ ಬಂದಾಗ ಗಂಜಿ ಮಾಡಿ ಕಳಿಸಿದಾಕಿ. ಆಕಿನ್ನ ನೋಡಾಕ ಹೋಗಬ್ಯಾಡ ಅಂದ್ರ ಹೆಂಗ?

ದಾರಿ ಸುದ್ದಿ ದೊಡ್ಡದೇನಲ್ಲ. ಸೊಲ್ಲಾಪುರದಾಗ ರೈಲು ಹತ್ತಿ ವಿಜಯಪುರ, ಬಾಗಲಕೋಟಿ ದಾಟಿ ಗದಗಿನಾಗ ಇಳೀತೇನಿ. ಅಲ್ಲಿ ಹಾಸ್ಟೆಲಿನ ಇನ್ನೊಬ್ಬ ಗೆಳತಿ ಮನ್ಯಾಗ ವಸ್ತಿ. ನಾ ಶೇಂಗಾ ಚಟ್ನಿ, ಚಾದರ ಒಯ್ತೇನಿ, ಆಕಿ ಕಡಕ ರೊಟ್ಟಿ ಕಟ್ಟತಾಳ. ಮರುದಿನ ಇಬ್ಬರೂ ಕೂಡಿ ಅಣ್ಣಿಗೇರಿ ಮ್ಯಾಲ ಹುಬ್ಬಳ್ಳಿ ಬಸ್ಸು ಹಿಡೀತೇವಿ. ತೊಡಕು ಸುರು ಆಗೂದು ಆ ಬಸ್ಸಿನಾಗ.

2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದೈತಲ್ಲ, ಕರ್ನಾಟಕದ ಹೆಣ್ಣುಮಕ್ಕಳಿಗೆ ಟಿಕೆಟ್ ಫ್ರೀ. ಕಂಡಕ್ಟರ್ ಬಂದಕೂಡ್ಲೇ ಇಡೀ ಬಸ್ಸಿನ ಹೆಂಗಸರು ಆಧಾರ್ ಕಾರ್ಡು ಎತ್ತಿ ಹಿಡೀತಾರ. ನಂದೂ ತಗೀತೇನಿ. ಹೆಸರು ಮರಾಠಿ ಅಕ್ಷರದಾಗ, ವಿಳಾಸ ಸೊಲ್ಲಾಪುರ ಜಿಲ್ಲಾ.

"ಅಕ್ಕಾರ, ಇದು ಮಹಾರಾಷ್ಟ್ರದ್ದೈತ್ರಿ. ರೊಕ್ಕಾ ಕೊಡಬೇಕಾಗತೈತ್ರಿ."

"ಈಕಿ ನಮ್ಮಾಕಿ ಅದಾಳ್ರೀ! ಆಕಿ ಮಾತರ ಕೇಳ್ರಿ, ನಮಗಿಂತ ಚಲೋ ಕನ್ನಡ ಐತಿ" ಅಂತ ಗೆಳತಿ ಎದ್ದು ನಿಂದರತಾಳ.

"ಮಾತು ಕೇಳಿ ಟಿಕೆಟ್ ಹರ್ಯಾಕ ಬರಂಗಿಲ್ರೀ ಯವ್ವಾ. ಚೆಕಿಂಗ್ ಬಂದ್ರ ನನ್ನ ನೌಕರಿ ಹೊಕ್ಕೈತಿ."

ಅವಂದೇನೂ ತಪ್ಪಿಲ್ಲ. ಆಮ್ಯಾಲ ರೊಕ್ಕಾ ಯಾರು ಕೊಡೂದು ಅಂತ ನಮ್ಮಿಬ್ಬರ ನಡುವ ಜಗಳ. ಆಕಿ ನನ್ನ ಪರ್ಸು ಕಸ್ಕೊಂತಾಳ, ನಾ ಆಕಿ ಕೈ ಹಿಡೀತೇನಿ. ನಾನ ಕೊಡ್ತೇನಿ ಅಂತ ಹಟಾ ಮಾಡ್ತೇನಿ, ಯಾಕಂದ್ರ ರೊಕ್ಕದ ಮಾತಲ್ಲ ಇದು. ಒಂದ ಹಾಸ್ಟೆಲಿನಾಗ ಒಂದ ತಾಟಿನಾಗ ಉಂಡವರು ಒಂದ ಸೀಟಿನ ಮ್ಯಾಲ ಕುಂತಾಗ, ಆಕಿ ಈ ನಾಡಿನಾಕಿ, ನಾ ಹೊರಗಿನಾಕಿ ಅಂತ ಆ ಟಿಕೆಟ್ ಮಶೀನು ಎಲ್ಲಾರ ಮುಂದ ಹೇಳತೈತಿ. ಗದಗ ಬಸ್ಸಿನಾಗೂ ಅದ, ಹಾವೇರಿ ಬಸ್ಸಿನಾಗೂ ಅದ. ನಮ್ಮ ಕಡೆ ಮಹಾರಾಷ್ಟ್ರದ ಬಸ್ಸಿನಾಗ 2023ರ ಮಾರ್ಚಿನಿಂದ ಹೆಂಗಸರಿಗೆ ಅರ್ಧಾ ಟಿಕೆಟ್. ಅಲ್ಲಿ ಮರಾಠಿ ಮಾತಾಡಿ ಅರ್ಧಾ ಕೊಡ್ತೇನಿ, ಇಲ್ಲಿ ಕನ್ನಡ ಮಾತಾಡಿ ಪೂರಾ ಕೊಡ್ತೇನಿ. ಇನ್ನ ಗಡಿ ಗದ್ದಲ ಎದ್ದಾಗ ಅದೂ ಇಲ್ಲ. 2022ರ ಕಡೀಕ ಬಸ್ಸಿಗೆ ಮಸಿ ಬಳದು, ಎರಡೂ ಕಡೆ ಬಸ್ಸು ನಿಂತಾಗ ತ್ರಾಸಾದದ್ದು ನಮ್ಮಂಥವರಿಗೆ. ತವರುಮನಿ ಆ ಕಡೆ ಇದ್ದವರು ಈ ಕಡೆ ಉಳದ್ರು.

ಈ ಗಂಟು ಬಿಚ್ಚಲಾರದ್ದು ಅಂತ ಯಾರರ ಅಂದ್ರ ನಾ ಒಪ್ಪಂಗಿಲ್ಲ. ಕರ್ನಾಟಕದ ಎಂಜಿನಿಯರಿಂಗ್ ಅಂಥಾ ಕೋರ್ಸಿನ ಪ್ರವೇಶ ಪರೀಕ್ಷಾ ಸಿಇಟಿ ಐತಲ್ಲ, ಅದರ ನಿಯಮದಾಗ ಅಕ್ಕಲಕೋಟ, ಜತ್ತ, ದಕ್ಷಿಣ ಸೊಲ್ಲಾಪುರ ತಾಲೂಕಿನ ಕನ್ನಡ ಮಕ್ಕಳು ಕರ್ನಾಟಕದ ಸೀಟಿಗೆ ಅರ್ಹರು ಅಂತ ಬ್ಯಾರೆ ಕಲಮು ಐತಿ. ನಮ್ಮ ತಾಲೂಕಿನ ಹೆಸರು ಅಲ್ಲಿ ಬರದಾರ. ಓದಾಕ ಬಂದಾಗ ನಮ್ಮವರು, ಓದಿ ಮುಗಿಸಿ ಗೆಳತೇರನ್ನ ನೋಡಾಕ ಬಂದಾಗ ಯಾಕ ಪರಕೀಯರು? ಅಂಥಾದ ಒಂದು ಕಲಮು ಬಸ್ಸಿಗೂ ಹಾಕ್ರಿ ಅಂತೇನಿ. ಕನ್ನಡ ಶಾಲಿ ದಾಖಲೆ ಕೇಳ್ತಾರೇನು, ಕೊಡ್ತೇನಿ. ವಿಶ್ವವಿದ್ಯಾಲಯದ ಸರ್ಟಿಫಿಕೇಟ್ ಕೇಳ್ತಾರೇನು, ಅದನ್ನೂ ಕೊಡ್ತೇನಿ. ಅರ್ಜಿ ಬರದು ಇಟ್ಟೇನಿ, ಬೆಂಗಳೂರಾಗ ಅದನ್ನ ಯಾರ ಕೈಯಾಗ ಕೊಡಬೇಕು ಅನ್ನೂದನ್ನ ನೀನ ಕೇಳಿ ತಿಳಿಸು.