ಸಭೆಗೆ ಬಾರದವರನ್ನು ಕೇಳುವುದು ಹೇಗೆ?

ಪ್ರಶ್ನೆ: ನಮ್ಮ ಪಂಚಾಯಿತಿಯ ಹಳೆಯ ಸಮುದಾಯ ಭವನವನ್ನು ಯುವಜನರಿಗೆ ಬಿಟ್ಟುಕೊಡಬೇಕೆಂದಿದ್ದೇವೆ. ಜಿಮ್ಮೋ, ಓದುವ ಕೋಣೆಯೋ, ಕಂಪ್ಯೂಟರ್ ತರಬೇತಿಯೋ ಎಂದು ಕೇಳಲು ಸಭೆ ಕರೆದರೆ ಬಂದದ್ದು ಕ್ರಿಕೆಟ್ ತಂಡದ ಹುಡುಗರು ಮಾತ್ರ. ಏನು ಮಾಡಲಿ?
– ಪಂಚಾಯಿತಿ ಸದಸ್ಯೆ, ಮೂಡಿಗೆರೆ ತಾಲ್ಲೂಕು

ಉತ್ತರ: ನೀವು ಕರೆದ ಹೊತ್ತು, ಕರೆದ ಜಾಗ ಆ ಹುಡುಗರಿಗಷ್ಟೇ ಅನುಕೂಲವಾಗಿದೆ. ಕಾಲೇಜು ಮುಗಿಸಿ ಕೊನೆಯ ಬಸ್ಸು ಹಿಡಿಯುವ ಹುಡುಗಿ ಸಂಜೆ ಆರರ ಸಭೆಗೆ ಬರಲಾರಳು. ಎಸ್ಟೇಟ್ ಲೈನ್ ಮನೆಗಳ, ಅಂದರೆ ತೋಟದ ಕೂಲಿಕಾರರ ಸಾಲು ಮನೆಗಳ, ಯುವಕರಿಗೆ ಸಭೆಯ ಸುದ್ದಿಯೇ ತಲುಪಿರುವುದಿಲ್ಲ.

ಮೊದಲು ಕಾಲ ನೋಡಿ. ಮಳೆ ಹಿಡಿದಾಗ ಯಾರೂ ಹೊರಡುವುದಿಲ್ಲ, ನವೆಂಬರಿನಿಂದ ಅರೇಬಿಕಾ ಕಾಫಿ ಕೊಯ್ಲು. ಪಂಚಾಯಿತಿಯ ಮುಂದಿನ ವರ್ಷದ ಯೋಜನೆ ತಯಾರಿಸುವ ಅಭಿಯಾನ ಅಕ್ಟೋಬರ್ 2ಕ್ಕೆ ಶುರುವಾಗುವುದರಿಂದ, ಗಣೇಶನನ್ನು ಬಿಟ್ಟ ನಂತರದ ಎರಡು ಮೂರು ವಾರವೇ ಸರಿಯಾದ ಸಮಯ.

2014ರ ರಾಷ್ಟ್ರೀಯ ಯುವ ನೀತಿಯಂತೆ 15ರಿಂದ 29 ವರ್ಷದವರನ್ನು ವಾರ್ಡ್‌ವಾರು ಪಟ್ಟಿ ಮಾಡಿ. ಆಶಾ ಕಾರ್ಯಕರ್ತೆ, ಸ್ವಸಹಾಯ ಸಂಘದವರು ಜೊತೆಗಿದ್ದರೆ ಬೇಗ ಆಗುತ್ತದೆ. ಆಮೇಲೆ 8–10 ಜನರ ಗುಂಪುಗಳಲ್ಲಿ ಮುಕ್ಕಾಲು ಗಂಟೆ ಮಾತನಾಡಿ: ಹುಡುಗಿಯರದು ಬೇರೆ, ಲೈನ್ ಮನೆಯವರದು ಭಾನುವಾರ ಅಲ್ಲಿಯೇ. ಅಸ್ಸಾಂ ಕಡೆಯಿಂದ ಬಂದ ಕೆಲಸಗಾರರಿದ್ದರೆ ಹಿಂದಿ ಬಲ್ಲವರೊಬ್ಬರು ಬೇಕು. ಸದಸ್ಯರು, ಮೇಷ್ಟ್ರು, ಎಸ್ಟೇಟ್ ರೈಟರು (ತೋಟದ ಲೆಕ್ಕ, ಕೆಲಸ ನೋಡುವವರು) ಅಲ್ಲಿ ಕೂರಬಾರದು. ನಿಮಗೂ ಅದೇ ಮಾತು, ಬೇಸರಿಸಬೇಡಿ.

‘ಏನು ಬೇಕು?’ ಎಂದು ಶುರು ಮಾಡಿದರೆ ಜಿಮ್ ಎಂಬ ಉತ್ತರವೇ ಬರುತ್ತದೆ, ಯಾಕೆಂದರೆ ಅವರು ಪಕ್ಕದೂರಲ್ಲಿ ನೋಡಿರುವುದು ಅದನ್ನೇ. ‘ನಿನ್ನೆ ಸಂಜೆ ಐದರಿಂದ ಒಂಬತ್ತರವರೆಗೆ ಎಲ್ಲಿದ್ದಿರಿ, ಏನು ಅಡ್ಡಿಯಾಯಿತು?’ ಎಂದು ಕೇಳಿ. ದಾರಿಯಲ್ಲಿ ದೀಪವಿಲ್ಲ, ಶೌಚಾಲಯಕ್ಕೆ ಬೀಗ, ಅರಿವು ಕೇಂದ್ರ (ಪಂಚಾಯಿತಿ ಗ್ರಂಥಾಲಯ) ತೆರೆದಿರುವ ಹೊತ್ತಿಗೆ ನಾವು ಕಾಲೇಜಿನಲ್ಲಿರುತ್ತೇವೆ, ಇಂಥವು ಆಗ ಹೊರಬರುತ್ತವೆ.

ಕೊನೆಗೆ ಓಟಿನಂತೆ ಹಾಕಲು ತಲಾ ಐದು ಹುರುಳಿಕಾಳು ಕೊಡಿ. ಪ್ರತಿ ಆಯ್ಕೆಗೂ ಒಂದು ಮುಚ್ಚಿದ ಡಬ್ಬಿ, ಮೇಲೆ ಅಂದಾಜು ಖರ್ಚು. ಡಬ್ಬಿ ತೆರೆದಿದ್ದರೆ ಮೊದಲು ಹಾಕಿದವನ ಹಿಂದೆಯೇ ಉಳಿದವರೂ ಹಾಕುತ್ತಾರೆ. ಮೊಬೈಲಿನ ಫಾರ್ಮನ್ನು ಮಾತ್ರ ನಂಬಬೇಡಿ: ನೆಟ್‌ವರ್ಕ್ ಇಲ್ಲದ ಮನೆಗಳು ಬಿಟ್ಟುಹೋಗುತ್ತವೆ, ಮನೆಯವರು ಫೋನ್ ನೋಡುತ್ತಾರೆಂದು ಹುಡುಗಿಯರು ಬರೆಯುವುದಿಲ್ಲ. 18 ತುಂಬದವರಿದ್ದರೆ ಪೋಷಕರಿಗೆ ಮೊದಲೇ ತಿಳಿಸಿ, ಹಾಳೆಯಲ್ಲಿ ಆ ಮಕ್ಕಳ ಹೆಸರು, ನಂಬರ್ ಬರೆಯಬೇಡಿ. ಮಕ್ಕಳ ಗ್ರಾಮಸಭೆಯಲ್ಲೂ ಅವರ ಮಾತಿಗೆ ಜಾಗವಿದೆ.

ಬಂದ ಬೇಡಿಕೆಯನ್ನು ಗ್ರಾಮಸಭೆಯಲ್ಲಿ ಮಂಡಿಸಿ ನಡಾವಳಿಯಲ್ಲಿ ಬರೆಸಿ, ಇಲ್ಲವಾದರೆ ಕ್ರಿಯಾ ಯೋಜನೆಗೆ ಸೇರಿಸುವಾಗ ಅದನ್ನು ಕೇಳುವವರೇ ಇರುವುದಿಲ್ಲ. ಬಸ್ಸಿನ ಸಮಯ ನಿಮ್ಮ ಕೈಯಲ್ಲಿಲ್ಲ. ಡಿಪೋಗೆ ಪತ್ರ ಬರೆಯುತ್ತೇವೆ ಎಂದಷ್ಟೇ ಹೇಳಿ. ಹದಿನೈದು ದಿನದೊಳಗೆ ಯಾವುದು ಆಗುತ್ತದೆ, ಯಾವುದು ಆಗದು, ಏಕೆ ಎಂದು ಬರೆದು ಹಾಲಿನ ಡೈರಿ, ಬಸ್ ನಿಲ್ದಾಣ, ಲೈನ್ ಮನೆಗಳ ಹತ್ತಿರ ಅಂಟಿಸಿ. ಇದೊಂದನ್ನು ಬಿಟ್ಟರೆ ಮುಂದಿನ ವರ್ಷ ಕ್ರಿಕೆಟ್ ಹುಡುಗರೂ ಬರುವುದಿಲ್ಲ.

ಪ್ರಶ್ನೆ: ಭವನದ ಸಮಿತಿಗೆ ಇಬ್ಬರು ಯುವಕರನ್ನು ಸೇರಿಸಿಕೊಂಡರೆ ಸಾಲದೇ?
– ಓದುಗರು, ಅರಸೀಕೆರೆ

ಉತ್ತರ: ಸಾಲದು. ಹಿರಿಯರ ನಡುವೆ ಇಬ್ಬರು ತಲೆಯಾಡಿಸಿ ಎದ್ದುಬರುತ್ತಾರೆ. ಕನಿಷ್ಠ ನಾಲ್ವರಿರಲಿ, ಇಬ್ಬರು ಹುಡುಗಿಯರು, ಅವರನ್ನು ಆರಿಸುವವರು ಅವರ ಓರಗೆಯವರೇ ಆಗಲಿ. ಚರ್ಚೆಯ ವಿಷಯ ವಾರ ಮೊದಲೇ ಅವರ ಕೈಗೆ ಸಿಗಲಿ. ಭವನದ ಒಂದು ಬೀಗದ ಕೈಯೂ ಅವರ ಬಳಿ ಇರಲಿ.