ಸಂಪಾದಕರ ಉತ್ತರ: ಬಡ್ಡಿ ಇಳಿಯಿತು, ಸಾಲ ಸಿಗಲಿಲ್ಲ

ಮೇಷ್ಟ್ರೇ, ನಮಸ್ಕಾರ.

ಚಳ್ಳಕೆರೆ ಕಡೆಯಿಂದ ನೀವು ಬರೆದ ಮೂರು ಪುಟದ ಕಾಗದ ಸೇರಿತು. ಜೊತೆಗಿಟ್ಟ ಸಾಲದ ಕಾರ್ಡಿನ ಜೆರಾಕ್ಸ್ ಕೂಡ ಸಿಕ್ಕಿತು. ಎರಡನ್ನೂ ಎರಡೆರಡು ಸಲ ಓದಿದೆ. ಹೋದ ಸಂಚಿಕೆಯಲ್ಲಿ ಆಫ್ರಿಕಾದ ಬ್ಯಾಂಕುಗಳ ಬಗ್ಗೆ ಬರೆಯುತ್ತಾ, ಕೆನ್ಯಾದಲ್ಲಿ ಬಡ್ಡಿಗೆ ಮಿತಿ ಹಾಕಿದ ಕಾನೂನು ಬಡವರಿಗೇ ಪೆಟ್ಟು ಕೊಟ್ಟಿತು ಎಂದು ನಾನು ಒಂದೇ ಸಾಲಿನಲ್ಲಿ ಮುಗಿಸಿದ್ದೆ. ನಿಮಗೆ ಅದು ಸರಿ ಕಾಣಲಿಲ್ಲ. 'ಬಡ್ಡಿ ಇಳಿಸಿದರೆ ಬಡವನಿಗೆ ಹೇಗೆ ಪೆಟ್ಟು? ಹಾಗಾದರೆ ಸಾಲ ಕೊಡುವವರು ಕೇಳಿದಷ್ಟು ಕೊಡುತ್ತಾ ಇರಬೇಕಾ?' ಎಂದು ಕೇಳಿದ್ದೀರಿ. ನ್ಯಾಯವಾದ ಪ್ರಶ್ನೆ. ಒಂದು ಸಾಲಿನಲ್ಲಿ ಹೇಳಿ ಮುಗಿಸುವ ವಿಷಯ ಅದಾಗಿರಲಿಲ್ಲ, ಆ ತಪ್ಪು ನನ್ನದು.

ನಿಮ್ಮ ಸಿಟ್ಟಿಗೆ ಕಾರಣ ಇದೆ. ಕೆನ್ಯಾದ ಜನಕ್ಕೂ ಇದೇ ಸಿಟ್ಟಿತ್ತು. ಅಲ್ಲಿ 1991ರವರೆಗೆ ಸಾಲದ ಬಡ್ಡಿಯನ್ನು ಸರ್ಕಾರವೇ ಗೊತ್ತು ಮಾಡುತ್ತಿತ್ತು. ಆ ವರ್ಷ ಸುಧಾರಣೆಯ ಹೆಸರಿನಲ್ಲಿ ಅದನ್ನು ಕೈಬಿಟ್ಟರು. ಬ್ಯಾಂಕುಗಳು ಪೈಪೋಟಿಗೆ ಬೀಳುತ್ತವೆ, ಬಡ್ಡಿ ತಾನಾಗಿ ಇಳಿಯುತ್ತೆ, ಠೇವಣಿ ಇಟ್ಟವರಿಗೂ ಒಳ್ಳೆಯದಾಗುತ್ತೆ ಎಂಬುದು ಲೆಕ್ಕಾಚಾರ. ಹಾಗಾಗಲಿಲ್ಲ. ಕೆಲವೇ ದೊಡ್ಡ ಬ್ಯಾಂಕುಗಳ ಕೈಯಲ್ಲಿ ಬಹುಪಾಲು ವ್ಯವಹಾರ ಇತ್ತು. ಇಪ್ಪತ್ತೈದು ವರ್ಷ ಕಳೆದ ಮೇಲೂ ಸಾಲಕ್ಕೆ ಸರಾಸರಿ 18% ಬಡ್ಡಿ, ಠೇವಣಿಗೆ ಅದರ ಅರ್ಧವೂ ಇಲ್ಲ. ಬರೀ 'ಮಾರುಕಟ್ಟೆಗೆ ಬಿಡಿ' ಅಂದರೆ ಸಾಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಾ?

ಅದಕ್ಕೇ ಅಲ್ಲಿನ ಸಂಸದರು ಪದೇಪದೇ ಮಿತಿಯ ಮಸೂದೆ ತಂದರು. ಜೋ ಡೊಂಡೆ ಎಂಬ ಸಂಸದರು 2000ದ ಸುಮಾರಿಗೆ ತಂದದ್ದು ಕೋರ್ಟಿನಲ್ಲಿ ಬಿದ್ದುಹೋಯಿತು. ಜೂಡ್ ನ್ಜೋಮೊ ತಂದ ಮಸೂದೆಗೆ 2016ರ ಆಗಸ್ಟಿನಲ್ಲಿ ಅಧ್ಯಕ್ಷ ಉಹುರು ಕೆನ್ಯಾಟ್ಟಾ ಸಹಿ ಹಾಕಿದರು. ನಮ್ಮ ರಿಸರ್ವ್ ಬ್ಯಾಂಕಿನಂಥ ಅಲ್ಲಿನ ಕೇಂದ್ರ ಬ್ಯಾಂಕು ಗೊತ್ತು ಮಾಡುವ ದರಕ್ಕಿಂತ ನೂರಕ್ಕೆ 4 ಮೇಲೆ, ಅಷ್ಟೇ, ಅದಕ್ಕಿಂತ ಜಾಸ್ತಿ ಯಾವ ಬ್ಯಾಂಕೂ ಕೇಳುವಂತಿಲ್ಲ. ಮೊದಲು 14.5%, ಕೆಲವೇ ವಾರಗಳಲ್ಲಿ 14%. ನಮ್ಮ ಹಳ್ಳಿ ಲೆಕ್ಕದಲ್ಲಿ ಹೇಳುವುದಾದರೆ, ತಿಂಗಳಿಗೆ ನೂರಕ್ಕೆ ಒಂದೂವರೆ ಇದ್ದದ್ದು ಒಂದೂಕಾಲಿಗಿಂತ ಕೆಳಗೆ ಬಂತು. ಜನ ಖುಷಿಪಟ್ಟರು. ಅಲ್ಲಿದ್ದಿದ್ದರೆ ನಾನೂ ಖುಷಿಪಡುತ್ತಿದ್ದೆ.

ಈಗ ಬ್ಯಾಂಕಿನ ಮೇಜಿನ ಆ ಕಡೆ ಕೂತು ನೋಡಿ. ಇಬ್ಬರು ಬಂದಿದ್ದಾರೆ. ಒಬ್ಬರಿಗೆ ಸಂಬಳ ಇದೆ, ಜಮೀನಿನ ಪತ್ರ ಇದೆ. ಇನ್ನೊಬ್ಬಾಕೆ ನೈರೋಬಿಯ ಬೀದಿ ಬದಿಯಲ್ಲಿ ತರಕಾರಿ ಮಾರುವವಳು. ಇವರನ್ನು ಅಲ್ಲಿ ಮಾಮಾ ಮ್ಬೋಗಾ ಅಂತಾರೆ. ಮಾಮಾ ಎಂದರೆ ಅವರ ಭಾಷೆಯಲ್ಲಿ ಅಮ್ಮ, ಮ್ಬೋಗಾ ಎಂದರೆ ತರಕಾರಿ. ಆಕೆಯ ಹತ್ತಿರ ಪತ್ರವೂ ಇಲ್ಲ, ಸಂಬಳದ ಚೀಟಿಯೂ ಇಲ್ಲ. ಇಬ್ಬರಿಗೂ 14% ಮೀರುವಂತಿಲ್ಲ ಅಂದರೆ ಬ್ಯಾಂಕು ಯಾರಿಗೆ ಕೊಡುತ್ತೆ? ನಿಜ ಹೇಳಬೇಕೆಂದರೆ ಇಬ್ಬರಿಗಿಂತ ಮುಂಚೆ ಮೂರನೆಯವರು ಒಬ್ಬರಿದ್ದರು: ಸರ್ಕಾರ. ಸರ್ಕಾರಕ್ಕೂ ಸಾಲ ಬೇಕಿತ್ತು, ಅದು ಮುಳುಗುವ ಸಾಲ ಅಲ್ಲ, ವಿಚಾರಣೆಗೆ ಮನೆಬಾಗಿಲಿಗೆ ಹೋಗಬೇಕಾಗಿಲ್ಲ. ಬ್ಯಾಂಕುಗಳು ಸರ್ಕಾರಿ ಬಾಂಡುಗಳ, ಅಂದರೆ ಸರ್ಕಾರದ ಸಾಲಪತ್ರಗಳ ಕಡೆ ವಾಲಿದವು. ಬಡ್ಡಿಗೆ ಮಿತಿ ಹಾಕಿದ ಸರ್ಕಾರವೇ ಸಾಲದ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಂತಿತ್ತು. ನನಗೆ ಬೇಜಾರಾಗುವುದು ಇಲ್ಲಿ.

ಖಾಸಗಿಯವರಿಗೆ ಕೊಡುವ ಸಾಲ 2014ರ ಮಧ್ಯದಲ್ಲಿ ವರ್ಷಕ್ಕೆ ಸುಮಾರು 25% ಬೆಳೆಯುತ್ತಿತ್ತು. 2017ರ ಆಗಸ್ಟಿಗೆ ಆ ಬೆಳವಣಿಗೆ 2%ಕ್ಕೂ ಕೆಳಗೆ ಬಂತು. ಪೂರ್ತಿ ಹೊಣೆ ಕಾನೂನಿನದಲ್ಲ. ಇಳಿತ ಅದಕ್ಕೂ ಮುಂಚೆ ಶುರುವಾಗಿತ್ತು. 2015ರಿಂದ 2016ರ ಏಪ್ರಿಲ್‌ವರೆಗೆ ದುಬೈ ಬ್ಯಾಂಕ್, ಇಂಪೀರಿಯಲ್ ಬ್ಯಾಂಕ್, ಚೇಸ್ ಬ್ಯಾಂಕ್ ಎಂಬ ಮೂರು ಬ್ಯಾಂಕುಗಳು ಒಂದರ ಹಿಂದೆ ಒಂದು ಮುಗ್ಗರಿಸಿ ಎಲ್ಲರಿಗೂ ಭಯ ಹಿಡಿದಿತ್ತು. ಕಾನೂನು ಆ ಭಯದ ಮೇಲೆ ಬಂದು ಕೂತಿತು.

ಹಾಗಾದರೆ ತರಕಾರಿ ಅಮ್ಮ ಎಲ್ಲಿಗೆ ಹೋದಳು? ಕೈಯಲ್ಲಿದ್ದ ಫೋನಿಗೆ. 2007ರಲ್ಲಿ ಸಫಾರಿಕಾಮ್ ಕಂಪನಿ ಎಂ-ಪೆಸಾ ಶುರುಮಾಡಿದಾಗ ಅದು ಹಣ ಕಳಿಸುವ ದಾರಿ ಅಷ್ಟೇ ಆಗಿತ್ತು. ಪಟ್ಟಣದಲ್ಲಿ ದುಡಿಯುವ ಮಗ ಊರಲ್ಲಿರುವ ತಾಯಿಗೆ ಬೇಸಿಕ್ ಸೆಟ್ಟಿನಿಂದಲೇ ದುಡ್ಡು ಹಾಕುತ್ತಿದ್ದ. ಬ್ಯಾಂಕು, ಎಂ-ಪೆಸಾದಂಥ ನೋಂದಾಯಿತ ಸೇವೆ ಸಿಕ್ಕ ವಯಸ್ಕರು 2006ರಲ್ಲಿ ನೂರಕ್ಕೆ 27ರಷ್ಟು, 2019ರಲ್ಲಿ 83ರಷ್ಟು. ದೊಡ್ಡ ಸಾಧನೆ, ಅದನ್ನು ನಾನು ಮನಸಾರೆ ಮೆಚ್ಚುತ್ತೇನೆ. 2012ರಲ್ಲಿ ಅದೇ ಫೋನಿನಲ್ಲಿ ಸಾಲವೂ ಬಂತು, ಎಂ-ಶ್ವಾರಿ ಅಂತ. ಮೂವತ್ತು ದಿನದ ಸಾಲಕ್ಕೆ 7.5%. ಅದು ಬಡ್ಡಿ ಅಲ್ಲ, ಸೇವಾ ಶುಲ್ಕ ಎಂದು ಬರೆದುಕೊಂಡಿದ್ದರಿಂದ ಮಿತಿಯ ಕಾನೂನು ಅದನ್ನು ಮುಟ್ಟಲಿಲ್ಲ.

ಲೆಕ್ಕ ಹಾಕೋಣ. ಅಲ್ಲಿನ ದುಡ್ಡಿಗೆ ಶಿಲ್ಲಿಂಗ್ ಅಂತಾರೆ. ಸಾವಿರ ಶಿಲ್ಲಿಂಗ್ ಸಾಲ, ಒಂದು ತಿಂಗಳು. ಕಾನೂನಿನ ದರದಲ್ಲಿ ಬ್ಯಾಂಕು ಕೊಟ್ಟಿದ್ದರೆ ಸುಮಾರು 12 ಶಿಲ್ಲಿಂಗ್ ಬಡ್ಡಿ. ಫೋನಿನಲ್ಲಿ 75. ಹತ್ತು ದಿನಕ್ಕೇ ತೀರಿಸಿದರೂ 75. ತಿಂಗಳಲ್ಲಿ ಹಾಗೆ ಮೂರು ಸಲ ತಗೊಂಡರೆ 225. ಬೆಳಗಿನ ಜಾವ ಸಗಟು ಮಾರುಕಟ್ಟೆಯಲ್ಲಿ ಟೊಮೆಟೊ, ಸೊಪ್ಪು ತಂದು ಸಂಜೆಯೊಳಗೆ ಮಾರಬೇಕಾದವಳಿಗೆ ಆ ಹೊತ್ತಿಗೆ ದುಡ್ಡು ಸಿಗುವುದೇ ಮುಖ್ಯ, ದರ ಆಮೇಲೆ. ವ್ಯಾಪಾರ ನಡೆದರೆ 75 ಕಟ್ಟುತ್ತಾಳೆ. ಒಂದು ದಿನ ಮಳೆ ಹೊಡೆದು ಟೊಮೆಟೊ ಕೊಳೆತರೆ? ಆಗ ಹೆಸರು ಸುಸ್ತಿದಾರರ ಪಟ್ಟಿಗೆ ಹೋಗುತ್ತೆ. ಹಾಗೆ ಲಕ್ಷಗಟ್ಟಲೆ ಜನ ಪಟ್ಟಿ ಸೇರಿದರು. ಕೊನೆಗೆ 2020ರಲ್ಲಿ, ಸಾವಿರ ಶಿಲ್ಲಿಂಗ್‌ಗಿಂತ ಕಡಿಮೆ ಬಾಕಿ ಇದ್ದವರ ಹೆಸರು ಹಾಕಬೇಡಿ ಎಂದು ಅಲ್ಲಿನ ಕೇಂದ್ರ ಬ್ಯಾಂಕು ಹೇಳಬೇಕಾಯಿತು.

ಅಂದರೆ ಬಡ್ಡಿಯ ಮೇಲೆ ಕಣ್ಣಿಡಬಾರದು ಅಂತಲ್ಲ ಮೇಷ್ಟ್ರೇ. ಬಡ್ಡಿ ಎಂಬ ಪದದ ಮೇಲೆ ಮಾತ್ರ ಕಣ್ಣಿಟ್ಟರೆ ದುಡ್ಡು ಬೇರೆ ಹೆಸರಿನಲ್ಲಿ ಹೋಗುತ್ತೆ ಅಂತ. ಇನ್ನೊಂದು, ಬಡವರಿಗೆ ಸಾಲ ಕೊಡುವುದನ್ನು ಯಾರಾದರೂ ಕಲಿಯಬೇಕು. ಕೆನ್ಯಾದಲ್ಲೇ ಅದನ್ನು ಕಲಿತವರಿದ್ದರು. ಈಕ್ವಿಟಿ ಎಂಬುದು 1984ರಲ್ಲಿ ಮನೆಸಾಲದ ಸಣ್ಣ ಸಂಸ್ಥೆಯಾಗಿ ಹುಟ್ಟಿ, ಹತ್ತು ವರ್ಷಕ್ಕೆ ದಿವಾಳಿ ಅಂಚಿಗೆ ಬಂದಿತ್ತು. ಆಗ ಸೇರಿಕೊಂಡ ಜೇಮ್ಸ್ ಮ್ವಾಂಗಿ ಮತ್ತವರ ಜೊತೆಯವರು ಸಣ್ಣ ರೈತರ, ಸಣ್ಣ ವ್ಯಾಪಾರಿಗಳ ಕಡೆ ತಿರುಗಿದರು. ಕನಿಷ್ಠ ಮೊತ್ತ ಇಡಲೇಬೇಕು ಎಂಬ ನಿಯಮ ಇಲ್ಲದ ಖಾತೆ ಕೊಟ್ಟರು. ಹಳ್ಳಿಗೆ ವ್ಯಾನಿನಲ್ಲೇ ಬ್ಯಾಂಕು ಕಳಿಸಿದರು. 2004ಕ್ಕೆ ಅದು ಪೂರ್ಣ ಬ್ಯಾಂಕಾಯಿತು. ಹಾಗೆಯೇ ಅಲ್ಲಿ ಚಾಮಾ ಎಂಬ ಗುಂಪುಗಳಿವೆ, ನಮ್ಮ ಚೀಟಿ, ಮಹಿಳಾ ಸಂಘಗಳ ಥರ. ವಾರವಾರ ದುಡ್ಡು ಹಾಕುವ ಹೆಂಗಸರು ಯಾರು ಎಂಥವರು ಎಂದು ಬ್ಯಾಂಕಿಗಿಂತ ಚೆನ್ನಾಗಿ ಆ ಗುಂಪಿಗೆ ಗೊತ್ತು. 2017ರಲ್ಲಿ ಇನ್ನೊಂದು ಕಾನೂನು ಬಂತು. ಜಮೀನೇ ಆಗಬೇಕಿಲ್ಲ, ಹಸು, ಯಂತ್ರ, ಗೋದಾಮಿನ ಬೆಳೆಯನ್ನೂ ಅಡಮಾನವಾಗಿ ನೋಂದಾಯಿಸಬಹುದು. ಮಿತಿಯ ಕಾನೂನಿಗಿದ್ದ ಸದ್ದು ಇದಕ್ಕಿರಲಿಲ್ಲ. ನನ್ನ ದೃಷ್ಟಿಯಲ್ಲಿ ಬಡವರ ಪಾಲಿಗೆ ಇದೇ ದೊಡ್ಡ ಸುಧಾರಣೆ.

ಮಿತಿ ತೆಗೆದ ಮೇಲೆ ಬಡ್ಡಿ ಗಗನಕ್ಕೇರಿತಾ ಅಂತಲೂ ಕೇಳಿದ್ದೀರಿ. 2019ರ ನವೆಂಬರಿನಲ್ಲಿ ತೆಗೆದರು. ಕೂಡಲೇ ಏರಲಿಲ್ಲ, ಕೊರೋನಾ ವರ್ಷಗಳಲ್ಲಿ ಸರಾಸರಿ 12% ಆಸುಪಾಸಿನಲ್ಲೇ ಇತ್ತು. ಆಮೇಲೆ ಕೇಂದ್ರ ಬ್ಯಾಂಕು ತನ್ನ ದರವನ್ನು 2024ರ ಹೊತ್ತಿಗೆ 13%ಕ್ಕೆ ಏರಿಸಿದಾಗ ಸಾಲದ ಬಡ್ಡಿಯೂ ಏರಿತು. ಇತ್ತ 2021ರ ಕಾನೂನು ಫೋನಿನಲ್ಲಿ ಸಾಲ ಕೊಡುವ ಕಂಪನಿಗಳನ್ನೂ ಲೈಸೆನ್ಸಿನ ಕೆಳಗೆ ತಂದಿತು. ಮೊದಲೇ ಮಾಡಬೇಕಿದ್ದ ಕೆಲಸ.

ಇನ್ನು ನೀವು ಕಳಿಸಿದ ಸಾಲದ ಕಾರ್ಡು. ನಿಮ್ಮ ಪಕ್ಕದ ಮನೆ ಅಕ್ಕ ತೆಗೆದುಕೊಂಡ 40,000 ರೂಪಾಯಿ. ಬಡ್ಡಿ ಕಾಲಮ್ಮಿನಲ್ಲಿ 24% ಅಂತಿದೆ. ಆದರೆ ಪ್ರೊಸೆಸಿಂಗ್, ವಿಮೆ ಅಂತ 1,300 ಹಿಡಿದು ಕೈಗೆ ಕೊಟ್ಟಿದ್ದು 38,700. ಕಂತು ಮಾತ್ರ ಪೂರ್ತಿ 40,000ಕ್ಕೆ. ಅಂದರೆ ಆಕೆಗೆ ಬೀಳುತ್ತಿರುವುದು 24ಕ್ಕಿಂತ ಜಾಸ್ತಿ. ನಮ್ಮಲ್ಲೂ ರಿಸರ್ವ್ ಬ್ಯಾಂಕು 2022ರಲ್ಲಿ ಮೈಕ್ರೋಫೈನಾನ್ಸ್ ಕಂಪನಿಗಳ ಬಡ್ಡಿ ಮಿತಿ ತೆಗೆದಿದೆ. ಆದರೆ ಜೊತೆಗೇ, ಎಲ್ಲ ಶುಲ್ಕ ಸೇರಿಸಿ ವರ್ಷಕ್ಕೆ ಒಟ್ಟು ಎಷ್ಟು ಬೀಳುತ್ತೆ ಎಂದು ತೋರಿಸಬೇಕು, ಸಾಲದ ಕಾರ್ಡು ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು ಎಂದೂ ಹೇಳಿದೆ. ಈ ಕಾರ್ಡಿನ ಅರ್ಧ ಇಂಗ್ಲಿಷಿನಲ್ಲಿದೆ, ಒಟ್ಟು ದರದ ಜಾಗ ಖಾಲಿ ಇದೆ. ಮುಂದಿನ ಕಂತಿನ ದಿನ ಅಕ್ಕನ ಜೊತೆ ನೀವೂ ಹೋಗಿ, ಆ ಖಾಲಿ ಜಾಗ ತುಂಬಿಕೊಡಿ ಎಂದು ಕೇಳಿ. ಅವರು ಏನು ಬರೆದುಕೊಟ್ಟರೂ ಅದರ ನಕಲು ನನಗೆ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಲೆಕ್ಕ ಸಮೇತ ಹಾಕುತ್ತೇನೆ.

ಸಂಪಾದಕ